ಅಂಗೈ ನಡುವಿನ ಮಾತು, ಅನ್ನದ ಋಣ: ಯೂರೋಪು ಮತ್ತು ಜಪಾನಿನ ಊಳಿಗಮಾನ್ಯ ಸಮಾಜಗಳು

ಕಳೆದ ಕೆಲವು ವರ್ಷಗಳಿಂದ ನಮ್ಮ ಟೀವಿ ಮತ್ತು ಮೊಬೈಲ್ ಪರದೆಗಳ ಮೇಲೆ ನೈಟ್‌ಗಳೂ ಸಮುರಾಯ್‌ಗಳೂ ಒಟ್ಟೊಟ್ಟಿಗೆ ಓಡಾಡತೊಡಗಿದ್ದಾರೆ. ಒಂದು ಸಂಜೆ ಕಲ್ಲಿನ ಕೋಟೆಯಲ್ಲಿ ಮಂಡಿಯೂರಿದ ಫ್ರೆಂಚ್ ಸರದಾರ ಕಾಣಿಸಿದರೆ, ಮರುದಿನ ಚಾಪೆಗೆ ಹಣೆ ಹಚ್ಚಿದ ಜಪಾನಿ ಯೋಧ ಕಾಣಿಸುತ್ತಾನೆ. ಇಬ್ಬರೂ ಕತ್ತಿ ಹಿಡಿದವರು, ಇಬ್ಬರಿಗೂ ಒಬ್ಬ ಒಡೆಯನಿದ್ದಾನೆ, ಇಬ್ಬರ ಊಟವೂ ಬೇರೆ ಯಾರೋ ಉತ್ತು ಬೆಳೆದ ಧಾನ್ಯದಿಂದ ಬರುತ್ತದೆ. ಪೋರ್ಚುಗೀಸರು ಮೊದಲ ಬಾರಿಗೆ ಜಪಾನಿನ ತಾನೆಗಾಷಿಮಾ ದ್ವೀಪಕ್ಕೆ ಬಂದಿಳಿದದ್ದು 1543ರಲ್ಲಿ. ಅದಕ್ಕೆ ಮುಂಚೆ ಈ ಎರಡು ಸಮಾಜಗಳು ಒಂದರ ಮುಖವನ್ನೊಂದು ಕಂಡಿರಲಿಲ್ಲ. ಹಾಗಿದ್ದೂ ಇಷ್ಟೊಂದು ಹೋಲಿಕೆ ಬಂದದ್ದು ಹೇಗೆ, ಮತ್ತು ಆ ಹೋಲಿಕೆ ಎಷ್ಟು ಆಳದವರೆಗೆ ನಿಜ ಎಂಬ ಎರಡು ಪ್ರಶ್ನೆಗಳನ್ನು ಬುಡದಿಂದ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪದದಿಂದಲೇ ಆರಂಭಿಸೋಣ

ಇಂಗ್ಲಿಷಿನ ‘ಫ್ಯೂಡಲಿಸಂ’ ಎಂಬ ಪದಕ್ಕೆ ಕನ್ನಡದ ಪಠ್ಯಪುಸ್ತಕಗಳು ‘ಊಳಿಗಮಾನ್ಯ ಪದ್ಧತಿ’ ಎಂಬ ಹೆಸರನ್ನು ಬಳಸುತ್ತ ಬಂದಿವೆ. ನನ್ನ ಅಭಿಪ್ರಾಯದಲ್ಲಿ ಇದು ಮೂಲಕ್ಕಿಂತ ಹೆಚ್ಚು ಅರ್ಥ ಹೇಳುವ ಪದ. ಊಳಿಗವೆಂದರೆ ಸೇವೆ, ಮಾನ್ಯವೆಂದರೆ ಸೇವೆಗಾಗಿಯೋ ಗೌರವಕ್ಕಾಗಿಯೋ ಬಿಟ್ಟುಕೊಟ್ಟ ಭೂಮಿ. ಸಂಬಳ ಕೊಡಲು ಬೊಕ್ಕಸದಲ್ಲಿ ನಾಣ್ಯವಿಲ್ಲದ, ಆದರೆ ಕಾದಾಡಲು ಆಳುಗಳು ಬೇಕೇಬೇಕಾದ ಒಬ್ಬ ಒಡೆಯನಿಗೆ ಕೈಯಲ್ಲಿರುವ ಒಂದೇ ಸಂಪತ್ತು ನೆಲ. ಆ ನೆಲವನ್ನೋ ನೆಲದ ಆದಾಯವನ್ನೋ ಕೊಟ್ಟು ಅದರ ಬದಲಿಗೆ ಸೇವೆಯನ್ನು ಪಡೆಯುವ ಏರ್ಪಾಡೇ ಊಳಿಗಮಾನ್ಯದ ತಿರುಳು. ಹೀಗೆ ಕೊಟ್ಟ ಭೂಮಿಯನ್ನು ಯೂರೋಪಿನಲ್ಲಿ ‘ಫೀಫ್’ ಎಂದೂ, ಪಡೆದವನನ್ನು ‘ವ್ಯಾಸಲ್’ ಎಂದೂ ಕರೆದರು. ಈ ಲೇಖನದಲ್ಲಿ ಫೀಫನ್ನು ಉಂಬಳಿ ಎಂದೂ, ವ್ಯಾಸಲನನ್ನು ಆಳು ಎಂದೂ ಕರೆಯುತ್ತೇನೆ.

‘ಆಳು’ ಎಂಬ ಪದವನ್ನು ಬಳಸಲು ಕಾರಣವಿದೆ. ಒಡೆಯನಿಗೆ ಶರಣಾಗುವ ವಿಧಿಗೆ ಯೂರೋಪಿನಲ್ಲಿದ್ದ ‘ಹೋಮೇಜ್’ ಎಂಬ ಹೆಸರು ಲ್ಯಾಟಿನ್ನಿನ ‘ಹೋಮೊ’, ಅಂದರೆ ಮನುಷ್ಯ, ಎಂಬುದರಿಂದ ಹುಟ್ಟಿತು. ಆ ವಿಧಿ ಮುಗಿದ ಮೇಲೆ ಒಬ್ಬ ಮತ್ತೊಬ್ಬನ ‘ಮನುಷ್ಯ’ನಾಗುತ್ತಿದ್ದ. ಆಳು ಎಂಬ ಕನ್ನಡದ ಪದದಲ್ಲಿಯೂ ವ್ಯಕ್ತಿ ಮತ್ತು ಸೇವಕ ಎಂಬ ಎರಡೂ ಅರ್ಥಗಳು ಹೀಗೆಯೇ ಅಂಟಿಕೊಂಡಿವೆ. ಇತ್ತ ಜಪಾನಿನಲ್ಲಿ ‘ಸಮುರಾಯ್’ ಎಂಬುದು ಬಳಿಯಲ್ಲಿದ್ದು ಸೇವೆ ಮಾಡುವುದು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಅಲ್ಲಿನ ಮೊದಲ ಯೋಧ ಸರ್ಕಾರದ ನೇರ ಆಳುಗಳಿಗಿದ್ದ ‘ಗೊಕೆನಿನ್’ ಎಂಬ ಹೆಸರಿನ ಅರ್ಥ, ಗೌರವಸೂಚಕವನ್ನು ತೆಗೆದರೆ, ಮನೆಯವನು ಅಥವಾ ಮನೆಯಾಳು. ಒಂದೆಡೆ ‘ಮನುಷ್ಯ’, ಇನ್ನೊಂದೆಡೆ ‘ಮನೆಯವನು’ ಎಂಬ ಈ ಸಣ್ಣ ಅಂತರವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಅದೇ ದೊಡ್ಡದಾಗುತ್ತದೆ.

ಫ್ಯೂಡಲಿಸಂ ಎಂಬ ಪದವನ್ನು ಮಧ್ಯಯುಗದ ಯಾರೂ ಬಳಸಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅದು ನಂತರದ ಶತಮಾನಗಳ ವಕೀಲರು ಮತ್ತು ಇತಿಹಾಸಕಾರರು ಕಟ್ಟಿದ ಹೆಸರು. ಊರಿಂದೂರಿಗೆ ಬೇರೆಯಾಗಿದ್ದ ನೂರಾರು ರೂಢಿಗಳನ್ನು ಒಂದೇ ಚೀಲಕ್ಕೆ ತುಂಬುವ ಈ ಪದವನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂದು ಎಲಿಜಬೆತ್ ಬ್ರೌನ್ ಮತ್ತು ಸೂಸನ್ ರೆನಾಲ್ಡ್ಸ್‌ರಂಥ ಇತಿಹಾಸಕಾರರು ವಾದಿಸಿದ್ದಾರೆ. ಅವರ ತಕರಾರಿನಲ್ಲಿ ಹುರುಳಿದೆ. ಆದರೂ ಫ್ರಾನ್ಸಿನ ಮಾರ್ಕ್ ಬ್ಲಾಕ್ ಮತ್ತು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಜಪಾನಿನ ಅಸಕಾವ ಕಾನಿಚಿ ಅವರು ಕಳೆದ ಶತಮಾನದ ಮೊದಲ ಭಾಗದಲ್ಲಿ ತೋರಿಸಿದಂತೆ, ಎರಡು ದೂರದ ಸಮಾಜಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಈ ಪದ ಒಂದು ಅನುಕೂಲದ ಕಿಟಕಿ.

ಅರಸನ ಕೈ ಸೋತಾಗ

ಯೂರೋಪಿನ ಕಥೆ ಒಡೆದುಹೋದ ಒಂದು ಸಾಮ್ರಾಜ್ಯದಿಂದ ಆರಂಭವಾಗುತ್ತದೆ. 800ರಲ್ಲಿ ರೋಮಿನಲ್ಲಿ ಚಕ್ರವರ್ತಿಯ ಕಿರೀಟ ಧರಿಸಿದ ಶಾರ್ಲಮೇನನ ರಾಜ್ಯವನ್ನು ಅವನ ಮೊಮ್ಮಕ್ಕಳು 843ರ ವರ್ಡನ್ ಒಪ್ಪಂದದಲ್ಲಿ ಮೂರು ಪಾಲು ಮಾಡಿಕೊಂಡರು. ಅದೇ ಕಾಲಕ್ಕೆ ಉತ್ತರದಿಂದ ವೈಕಿಂಗರು ನದಿಗಳ ಮೂಲಕ ದೋಣಿಯೇರಿ ಬಂದು ಊರುಗಳನ್ನು ಸುಡುತ್ತಿದ್ದರು. ಮುಂದೆ ಪೂರ್ವದಿಂದ ಹಂಗೇರಿಯ ಮಗ್ಯಾರ್ ಕುದುರೆ ಸವಾರರು ನುಗ್ಗಿದರು. ದಾಳಿಯ ಸುದ್ದಿ ಅರಸನನ್ನು ಮುಟ್ಟಿ, ಅರಸನ ಸೈನ್ಯ ಹೊರಡುವ ಹೊತ್ತಿಗೆ ಊರು ಬೂದಿಯಾಗಿರುತ್ತಿತ್ತು. ಜನರಿಗೆ ಬೇಕಾಗಿದ್ದದ್ದು ಹತ್ತಿರದಲ್ಲಿರುವ, ಕುದುರೆಯೂ ಕೋಟೆಯೂ ಇರುವ ಒಬ್ಬ ಬಲಿಷ್ಠ. ಕುದುರೆ ಮತ್ತು ಕವಚದ ಖರ್ಚು ವಿಪರೀತವಾಗಿದ್ದುದರಿಂದ ಅಂಥವನನ್ನು ಸಾಕಲು ಹಲವು ರೈತ ಕುಟುಂಬಗಳ ದುಡಿಮೆ ಬೇಕಾಗುತ್ತಿತ್ತು. ಉಂಬಳಿ ಹುಟ್ಟಿದ್ದು ಈ ಲೆಕ್ಕಾಚಾರದಲ್ಲಿ.

ಆ ಕಾಲದ ಜಪಾನಿಗೆ ಹೊರಗಿನ ದಾಳಿಯ ದೊಡ್ಡ ಕಾಟವಿರಲಿಲ್ಲ. ಅಲ್ಲಿ ರಾಜ್ಯ ಒಳಗಿನಿಂದ ಸವೆಯಿತು. ಏಳನೇ ಶತಮಾನದ ಸುಧಾರಣೆಗಳ ನಂತರ ಭೂಮಿಯೆಲ್ಲ ಚಕ್ರವರ್ತಿಯದು, ಅದನ್ನು ತಲೆ ಲೆಕ್ಕದಲ್ಲಿ ರೈತರಿಗೆ ಹಂಚಿ ತೆರಿಗೆ ಪಡೆಯಬೇಕು ಎಂಬ ಚೀನಾ ಮಾದರಿಯ ವ್ಯವಸ್ಥೆಯನ್ನು ಅಲ್ಲಿ ತಂದಿದ್ದರು. ಆದರೆ ಹೊಸದಾಗಿ ಕಡಿದು ಹಸನು ಮಾಡಿದ ಗದ್ದೆ ಮಾಡಿದವನಿಗೇ ಶಾಶ್ವತವಾಗಿ ಸೇರಬಹುದು ಎಂದು 743ರಲ್ಲಿ ಕಾನೂನು ಬಂತು. ಹಣವಿದ್ದ ಕುಲೀನರೂ ದೇವಾಲಯಗಳೂ ಇದನ್ನು ಚೆನ್ನಾಗಿ ಬಳಸಿಕೊಂಡು, ಕ್ರಮೇಣ ತೆರಿಗೆ ವಿನಾಯಿತಿಯನ್ನೂ ಗಿಟ್ಟಿಸಿ, ‘ಶೋಎನ್’ ಎಂಬ ಖಾಸಗಿ ಹಿಡುವಳಿಗಳನ್ನು ಬೆಳೆಸಿದರು. ಒಡೆಯರು ರಾಜಧಾನಿ ಕ್ಯೋಟೊದಲ್ಲಿ ಕವಿತೆ ಬರೆಯುತ್ತ ಕುಳಿತರೆ, ದೂರದ ಗದ್ದೆಗಳ ಉಸ್ತುವಾರಿ ಬಿಲ್ಲು ಹಿಡಿದ ಸ್ಥಳೀಯ ಕುದುರೆ ಸವಾರರ ಪಾಲಾಯಿತು. 1180ರಿಂದ 1185ರವರೆಗೆ ನಡೆದ ಗೆನ್ಪೆ ಯುದ್ಧದಲ್ಲಿ ಇಂಥ ಸವಾರರ ನಾಯಕನಾಗಿ ಗೆದ್ದ ಮಿನಾಮೊಟೊ ನೊ ಯೊರಿಟೊಮೊ, ಕ್ಯೋಟೊದಿಂದ ಬಹು ದೂರದ ಕಾಮಾಕುರಾದಲ್ಲಿ ತನ್ನದೇ ಸರ್ಕಾರ ಕಟ್ಟಿ, 1192ರಲ್ಲಿ ‘ಶೋಗನ್’, ಅಂದರೆ ಮಹಾ ಸೇನಾಪತಿ, ಎಂಬ ಪದವಿ ಪಡೆದನು.

ಶೋಗನ್ನನು ಚಕ್ರವರ್ತಿಯನ್ನು ಕೆಳಗಿಳಿಸಲಿಲ್ಲ. ಅಧಿಕಾರವೆಲ್ಲ ಕಾಮಾಕುರಾದಲ್ಲಿ, ಮಾನ್ಯತೆಯೆಲ್ಲ ಕ್ಯೋಟೊದಲ್ಲಿ ಎಂಬ ಈ ಜೋಡಿ ವ್ಯವಸ್ಥೆ ಬೇರೆ ಬೇರೆ ರೂಪಗಳಲ್ಲಿ 1868ರವರೆಗೂ ಉಳಿಯಿತು. ಯೂರೋಪಿನ ಅರಸ ಹಾಗಲ್ಲ, ಅವನು ಉಂಬಳಿಗಳ ಏಣಿಯ ಮೇಲಿನ ಮೆಟ್ಟಿಲಲ್ಲಿಯೇ ನಿಂತಿದ್ದವನು, ಅಂದರೆ ಆಟದ ಒಳಗಿದ್ದವನು.

ಅಂಗೈಗಳ ನಡುವೆ

1127ರ ಮಾರ್ಚ್ 2ರಂದು ಇಂದಿನ ಬೆಲ್ಜಿಯಂ ಭಾಗದ ಫ್ಲಾಂಡರ್ಸಿನ ‘ಕೌಂಟ್’, ಅಂದರೆ ಪ್ರಾಂತದ ಪ್ರಭು, ಆಗಿದ್ದ ಚಾರ್ಲ್ಸನನ್ನು ಬ್ರೂಜ್ ಪಟ್ಟಣದ ಚರ್ಚಿನಲ್ಲಿ, ಪ್ರಾರ್ಥನೆಗೆ ಬಾಗಿದ್ದಾಗಲೇ, ಅವನದೇ ಸೇವಕ ಮನೆತನದವರು ಕೊಂದರು. ಅವನ ಜಾಗಕ್ಕೆ ವಿಲಿಯಂ ಕ್ಲಿಟೊ ಎಂಬ ಹೊಸ ಕೌಂಟ್ ಬಂದಾಗ ಹಳೆಯ ಉಂಬಳಿದಾರರೆಲ್ಲ ಅವನಿಗೆ ಮತ್ತೆ ಶರಣಾಗಬೇಕಾಯಿತು. ಅಲ್ಲಿ ಗುಮಾಸ್ತನಾಗಿದ್ದ ಗಾಲ್ಬರ್ಟ್ ಕಣ್ಣಾರೆ ಕಂಡದ್ದನ್ನು ದಿನಚರಿಯಂತೆ ಬರೆದಿಟ್ಟಿದ್ದರಿಂದ ಆ ವಿಧಿಯನ್ನು ನಾವು ಇಂದಿಗೂ ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ನೀನು ಪೂರ್ತಿಯಾಗಿ ನನ್ನ ಆಳಾಗಲು ಬಯಸುತ್ತೀಯಾ ಎಂದು ಕೌಂಟ್ ಕೇಳುತ್ತಾನೆ. ಬಯಸುತ್ತೇನೆ ಎಂದು ಬಂದವನು ಹೇಳುತ್ತಾನೆ. ಅವನು ಜೋಡಿಸಿ ಹಿಡಿದ ಕೈಗಳನ್ನು ಕೌಂಟ್ ತನ್ನ ಎರಡು ಅಂಗೈಗಳ ನಡುವೆ ಮುಚ್ಚುತ್ತಾನೆ, ಇಬ್ಬರೂ ಮುತ್ತಿಟ್ಟುಕೊಳ್ಳುತ್ತಾರೆ. ಅನಂತರ ಸಂತರ ಅವಶೇಷಗಳನ್ನು ಮುಟ್ಟಿ ನಿಷ್ಠೆಯ ಆಣೆ. ಕೊನೆಯಲ್ಲಿ ಕೌಂಟ್ ಕೈಯಲ್ಲೊಂದು ಕೋಲು ಹಿಡಿದು, ಅದರ ಮೂಲಕ ಉಂಬಳಿಗಳನ್ನು ವಹಿಸಿಕೊಡುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಪ್ರಶ್ನೆ ಮತ್ತು ಉತ್ತರದ ಆ ಕ್ರಮ. ಒಪ್ಪಿಗೆಯನ್ನು ಬಾಯಿಬಿಟ್ಟು ಕೇಳಬೇಕು, ಬಾಯಿಬಿಟ್ಟು ಕೊಡಬೇಕು. ಹೀಗೆ ಎಲ್ಲರೆದುರು ಆದ ಮಾತಿಗೆ ಎರಡು ಕಡೆಯಿರುತ್ತದೆ: ಆಳು ಯುದ್ಧಸೇವೆಯನ್ನೂ ಸಲಹೆಯನ್ನೂ ಕೊಡಬೇಕು, ಒಡೆಯ ರಕ್ಷಣೆಯನ್ನೂ ನ್ಯಾಯವನ್ನೂ ಕೊಡಬೇಕು. ಕಾಲ ಕಳೆದಂತೆ ಇದಕ್ಕೆ ಅಳತೆಗಳೂ ಬಂದವು. ಫ್ರಾನ್ಸು ಮತ್ತು ಇಂಗ್ಲೆಂಡಿನ ಹಲವು ಕಡೆ ವರ್ಷಕ್ಕೆ 40 ದಿನಗಳ ಸೇವೆ ಎಂಬುದು ರೂಢಿಯಾಯಿತು. ಆ ಮೇಲಿನ ದಿನಗಳ ಖರ್ಚನ್ನು ಒಡೆಯನೇ ಹೊರಲಿ ಎಂದು ಕೇಳುವುದು ತಪ್ಪಾಗಿರಲಿಲ್ಲ.

ಜಪಾನಿನ ವಿಧಿ ಇದಕ್ಕಿಂತ ಮೌನವಾದದ್ದು. ಯೋಧ ಕಾಮಾಕುರಾಕ್ಕೆ ಬಂದು ಒಡೆಯನ ದರ್ಶನ ಪಡೆಯುತ್ತಿದ್ದ. ಅವನ ಪೂರ್ವಿಕರಿಂದ ಬಂದ ಭೂಮಿಯ ಹಕ್ಕನ್ನು ಒಡೆಯ ಒಂದು ಪತ್ರದಲ್ಲಿ ಖಾತರಿಪಡಿಸುತ್ತಿದ್ದ, ಪರಾಕ್ರಮ ತೋರಿಸಿದವನಿಗೆ ಹೊಸ ಭೂಮಿಯನ್ನೂ ಕೊಡುತ್ತಿದ್ದ. ಒಡೆಯ ಕೊಟ್ಟದ್ದಕ್ಕೆ ‘ಗೊ-ಓನ್’, ಅಂದರೆ ಉಪಕಾರ ಅಥವಾ ಅನುಗ್ರಹ ಎಂದು ಹೆಸರು. ಆಳು ಅದಕ್ಕೆ ಪ್ರತಿಯಾಗಿ ಮಾಡಿದ್ದಕ್ಕೆ ‘ಹೊಕೊ’, ಅಂದರೆ ಸೇವೆ ಎಂದು ಹೆಸರು. ಕ್ಯೋಟೊದ ಕಾವಲಿಗೆ ಸರದಿಯ ಮೇಲೆ ಹೋಗಿ ತಿಂಗಳುಗಟ್ಟಲೆ ಸ್ವಂತ ಖರ್ಚಿನಲ್ಲಿ ನಿಲ್ಲುವುದೂ ಈ ಸೇವೆಯಲ್ಲಿ ಸೇರಿತ್ತು. ಹಳಗನ್ನಡದ ಕಾವ್ಯ ಮತ್ತು ಶಾಸನಗಳನ್ನು ಓದಿದವರಿಗೆ ಗೊ-ಓನ್ ಎಂಬುದನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿ ಬರುವ ‘ಜೋಳವಾಳಿ’, ಅಂದರೆ ಉಂಡ ಜೋಳಕ್ಕೆ ತೀರಿಸಬೇಕಾದ ಕರ್ತವ್ಯ, ಇದರ ಹತ್ತಿರದ ನೆಂಟ. ಉಪಕಾರವನ್ನು ತೂಗಿ ನೋಡುವಂತಿಲ್ಲ, ಇಷ್ಟು ದಿನ ದುಡಿದರೆ ತೀರಿತು ಎನ್ನುವಂತಿಲ್ಲ. ಋಣ ಮನೆತನದ ಮೇಲೆ ಉಳಿದು ಮಗನಿಗೆ ಇಳಿಯುತ್ತದೆ.

ಕೊಟ್ಟದ್ದು ನೆಲವೋ, ನೆಲದ ಪಾಲೋ?

ನೈಟ್ ಮತ್ತು ಸಮುರಾಯ್ ಇಬ್ಬರಿಗೂ ‘ಜಮೀನು ಕೊಟ್ಟರು’ ಎಂದು ಹೇಳುವುದು ವಾಡಿಕೆ, ಆದರೆ ಕೊಟ್ಟ ವಸ್ತು ಒಂದೇ ಅಲ್ಲ. ಯೂರೋಪಿನ ಉಂಬಳಿ ಹೆಚ್ಚಾಗಿ ಗುರುತಿಸಬಹುದಾದ ಒಂದು ತುಂಡು ನೆಲ, ಅದರ ಮೇಲಿನ ಜನ ಮತ್ತು ಆ ಜನರ ವ್ಯಾಜ್ಯ ತೀರಿಸುವ ಅಧಿಕಾರ. ಸುಂಕದಕಟ್ಟೆ, ಗಿರಣಿ, ಕೆಲವೊಮ್ಮೆ ಬರೀ ನಗದು ವರ್ಷಾಶನವನ್ನೂ ಉಂಬಳಿಯಾಗಿ ಕೊಟ್ಟದ್ದುಂಟು, ಅದು ಬೇರೆ ಮಾತು.

ಕಾಮಾಕುರಾ ಸರ್ಕಾರ ತನ್ನ ಆಳುಗಳಿಗೆ ಕೊಟ್ಟದ್ದು ಮುಖ್ಯವಾಗಿ ‘ಜಿಟೊ’ ಎಂಬ ಹುದ್ದೆ. ಶೋಎನ್ ಹಿಡುವಳಿಯ ಒಡೆತನ ಕ್ಯೋಟೊದ ಕುಲೀನರಿಗೋ ದೇವಾಲಯಕ್ಕೋ ಸೇರಿದ್ದಾಗಲೇ, ಅದೇ ಹಿಡುವಳಿಯಲ್ಲಿ ಕಂದಾಯ ವಸೂಲಿ ಮತ್ತು ಶಿಸ್ತಿನ ಹೊಣೆ ಹೊತ್ತ ಯೋಧನೇ ಜಿಟೊ. ನಮ್ಮ ಹಳ್ಳಿಗಳ ಕಣವನ್ನು ಕಲ್ಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ರಾಶಿ ಮುಗಿದ ಮೇಲೆ ಬಡಗಿ, ಕಮ್ಮಾರ, ಅಗಸ, ತಳವಾರ ಮೊದಲಾದ ಆಯಗಾರರು ತಮ್ಮ ತಮ್ಮ ಆಯವನ್ನು ಅಳೆಸಿಕೊಳ್ಳುತ್ತಿದ್ದರು. ಹೊಲ ಅವರದಲ್ಲ, ಆದರೆ ರಾಶಿಯಲ್ಲಿ ಅವರ ಪಾಲಿನ ಹಕ್ಕು ತಲೆಮಾರುಗಳಿಂದ ಬಂದದ್ದು, ಅದನ್ನು ಯಾರೂ ತಪ್ಪಿಸುವಂತಿಲ್ಲ. ಜಪಾನಿನ ಒಂದೇ ಗದ್ದೆಯ ಭತ್ತದ ಮೇಲೆ ಹೀಗೆಯೇ ಮೇಲಿನ ಪೋಷಕ, ಹಿಡುವಳಿಯ ಒಡೆಯ, ಜಿಟೊ, ಹಳ್ಳಿಯ ಮುಖ್ಯ ರೈತ ಎಂದು ಪದರ ಪದರವಾಗಿ ಹಕ್ಕುಗಳು ಕುಳಿತಿದ್ದವು. ಇವಕ್ಕೆ ‘ಷಿಕಿ’ ಎಂದು ಹೆಸರು. 1221ರಲ್ಲಿ ನಿವೃತ್ತ ಚಕ್ರವರ್ತಿ ಗೊ-ತೊಬಾ ಕಾಮಾಕುರಾದ ಮೇಲೆ ದಂಡೆತ್ತಿ ಸೋತಾಗ ಅವನ ಪಕ್ಷದವರ ಸುಮಾರು 3000 ಹಿಡುವಳಿಗಳು ಗೆದ್ದವರ ಕೈ ಸೇರಿದವು. ಅಲ್ಲಿಗೆ ಹೋದ ಹೊಸ ಜಿಟೊಗಳ ಆದಾಯ ಎಷ್ಟಿರಬೇಕು ಎಂಬುದಕ್ಕೂ ದರ ಗೊತ್ತುಮಾಡಿದರು: ಪ್ರತಿ 11 ಪಾಲು ಗದ್ದೆಯಲ್ಲಿ 1 ಪಾಲು ಜಿಟೊಗೆ, ಜೊತೆಗೆ ಉಳಿದದ್ದರ ಮೇಲೆ ಅಳತೆಯ ಒಂದಿಷ್ಟು ಅಕ್ಕಿ.

ಪಾಲು ಹೀಗೆ ನಿಗದಿಯಾಗಿದ್ದರೂ ಜಿಟೊಗಳು ಅಷ್ಟಕ್ಕೆ ತೃಪ್ತರಾಗಲಿಲ್ಲ. ಒಡೆಯನಿಗೆ ಹೋಗಬೇಕಾದ ಅಕ್ಕಿಯನ್ನು ತಡೆಹಿಡಿದು, ಕೊನೆಗೆ ರಾಜಿಯ ಹೆಸರಿನಲ್ಲಿ ಹಿಡುವಳಿಯ ಅರ್ಧವನ್ನೇ ತಮ್ಮದಾಗಿಸಿಕೊಂಡವರೂ ಇದ್ದರು. ಪಾಲಿನ ಹಕ್ಕು ಇಡೀ ನೆಲದ ಹಕ್ಕಾಗಿ ಬೆಳೆಯಲು ಎರಡು ಮೂರು ಶತಮಾನಗಳೇ ಬೇಕಾದವು.

ಒಡೆಯನೇ ತಪ್ಪಿದರೆ ಆಳು ಎಲ್ಲಿಗೆ ಹೋಗಬೇಕು?

ಎರಡು ವ್ಯವಸ್ಥೆಗಳ ಹೋಲಿಕೆ ಮುಗಿದು ವ್ಯತ್ಯಾಸ ಶುರುವಾಗುವುದು ಈ ಪ್ರಶ್ನೆಯಲ್ಲಿ ಎಂದು ನನಗೆ ತೋರುತ್ತದೆ.

ಬ್ರೂಜ್‌ನ ಅದೇ ವಿಲಿಯಂ ಕ್ಲಿಟೊನನ್ನು ನೋಡಿ. ಅಂಗೈ ನಡುವೆ ಕೈ ಹಿಡಿದು ವರ್ಷ ತುಂಬುವ ಮೊದಲೇ, 1128ರ ಫೆಬ್ರವರಿಯಲ್ಲಿ, ಗೆಂಟ್ ಪಟ್ಟಣದವರು ಅವನನ್ನು ಎಲ್ಲರೆದುರು ನಿಲ್ಲಿಸಿ ಲೆಕ್ಕ ಕೇಳಿದರು. ಆಲ್ಸ್ಟಿನ ಇವಾನ್ ಎಂಬ ಸರದಾರ ಅವರ ಪರವಾಗಿ ಮಾತಾಡಿ, ನೀನು ನಮಗೆ ಕೊಟ್ಟ ಆಣೆ ಮುರಿದಿದ್ದೀಯೆ, ನಿನ್ನ ನಮ್ಮ ಎರಡೂ ಕಡೆಯ ಸಮಾನರು ಮತ್ತು ತಿಳಿದವರು ಒಂದೆಡೆ ಕುಳಿತು ತೀರ್ಮಾನಿಸಲಿ, ನೀನು ತಪ್ಪಿದ್ದೀಯೆಂದು ಅವರು ಕಂಡರೆ ಈ ಪದವಿಯನ್ನು ಬಿಟ್ಟುಕೊಡು ಎಂಬರ್ಥದ ಮಾತನ್ನು ಆಡಿದನೆಂದು ಗಾಲ್ಬರ್ಟ್ ದಾಖಲಿಸುತ್ತಾನೆ. ಕ್ಲಿಟೊ ಕೇಳಲಿಲ್ಲ, ಯುದ್ಧವೇ ಆಯಿತು, ಅದೇ ಬೇಸಿಗೆಯಲ್ಲಿ ಅವನು ಗಾಯಗೊಂಡು ಸತ್ತ. ಆದರೆ ಒಡೆಯನನ್ನೂ ವಿಚಾರಣೆಗೆ ಕರೆಯಬಹುದು ಎಂಬ ಕಲ್ಪನೆ ಅಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ.

ಇದೇ ಕಲ್ಪನೆ ಒಬ್ಬ ಅರಸನ ಅರ್ಧ ರಾಜ್ಯವನ್ನು ನುಂಗಿದ ಪ್ರಕರಣವೂ ಇದೆ. ಇಂಗ್ಲೆಂಡಿನ ಅರಸ ಜಾನ್, ಫ್ರಾನ್ಸಿನಲ್ಲಿದ್ದ ನಾರ್ಮಂಡಿ ಮೊದಲಾದ ಪ್ರಾಂತಗಳ ಮಟ್ಟಿಗೆ ಫ್ರೆಂಚ್ ಅರಸ ಎರಡನೇ ಫಿಲಿಪನ ಆಳು. ತನ್ನ ದೇಶದಲ್ಲಿ ಅರಸನಾದವನು ಕಡಲಾಚೆಯ ಜಮೀನಿಗಾಗಿ ಮತ್ತೊಬ್ಬನ ಮುಂದೆ ಮಂಡಿಯೂರುವುದು ನಮಗೆ ವಿಲಕ್ಷಣವೆನಿಸಬಹುದು. ಒಬ್ಬನೇ ಮನುಷ್ಯ ತನ್ನ ಮನೆಯಲ್ಲಿ ಯಜಮಾನನೂ ಇನ್ನೊಂದೂರಿನ ಹೊಲಕ್ಕೆ ಗೇಣಿದಾರನೂ ಆಗಿರುವಂತೆ ಇದು. 1200ರಲ್ಲಿ ಜಾನ್, ಲುಸಿನ್ಯಾಂ ಮನೆತನದ ಹ್ಯೂ ಎಂಬುವನಿಗೆ ನಿಶ್ಚಯವಾಗಿದ್ದ ಅಂಗುಲೇಮ್‌ನ ಇಸಬೆಲ್ಲಳನ್ನು ತಾನೇ ಮದುವೆಯಾದ. ಲುಸಿನ್ಯಾಂ ಮನೆತನದವರು ಜಾನನ ಆಳುಗಳು. ಅವರು ತಮ್ಮ ಒಡೆಯನ ಮೇಲೆ ದೂರು ಹೊತ್ತು ಒಡೆಯನ ಒಡೆಯನಾದ ಫಿಲಿಪನ ಬಳಿಗೆ ಹೋದರು. ಫಿಲಿಪ್ 1202ರಲ್ಲಿ ಜಾನನನ್ನು ತನ್ನ ಆಸ್ಥಾನದ ವಿಚಾರಣೆಗೆ ಕರೆದ, ಜಾನ್ ಬರಲಿಲ್ಲ, ಕರೆಗೆ ಓಗೊಡದ ಆಳಿನ ಉಂಬಳಿ ಮುಟ್ಟುಗೋಲಿಗೆ ಅರ್ಹ ಎಂಬ ತೀರ್ಪಾಯಿತು. 1204ರ ಹೊತ್ತಿಗೆ ನಾರ್ಮಂಡಿ ಫ್ರೆಂಚರ ವಶದಲ್ಲಿತ್ತು. ಫಿಲಿಪನಿಗೆ ನಾರ್ಮಂಡಿಯ ಮೇಲೆ ಮೊದಲಿನಿಂದಲೂ ಕಣ್ಣಿತ್ತೆಂಬುದು ನಿಜ, ಆದರೆ ಆ ಆಸೆಗೆ ಕಾನೂನಿನ ಬಟ್ಟೆ ತೊಡಿಸಲು ವಿಧಾನವೊಂದು ತಯಾರಾಗಿಯೇ ಇತ್ತು. ಹನ್ನೊಂದು ವರ್ಷಗಳ ಬಳಿಕ, 1215ರಲ್ಲಿ, ಇದೇ ಜಾನನಿಂದ ಅವನ ಇಂಗ್ಲಿಷ್ ಸರದಾರರು ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆ ಒತ್ತಿಸಿಕೊಂಡರು. ಅರಸ ಮಾತಿಗೆ ತಪ್ಪಿದರೆ 25 ಮಂದಿ ಸರದಾರರು ಅವನ ಕೋಟೆಗಳನ್ನೂ ಭೂಮಿಯನ್ನೂ ವಶಪಡಿಸಿಕೊಳ್ಳಬಹುದು, ಅವನ, ರಾಣಿಯ ಮತ್ತು ಮಕ್ಕಳ ಮೈಯನ್ನು ಮಾತ್ರ ಮುಟ್ಟಬಾರದು ಎಂದು ಅದರ 61ನೇ ಕಲಮು ಹೇಳುತ್ತದೆ.

ಈಗ ಜಪಾನಿನ ಒಬ್ಬ ಸಾಧಾರಣ ಗೊಕೆನಿನ್ ಕಥೆ. ನೈಋತ್ಯದ ಹಿಗೊ ಪ್ರಾಂತದ ಟಾಕೆಜಾಕಿ ಸುಎನಾಗಾ 1274ರಲ್ಲಿ ಮಂಗೋಲರ ಸೇನೆ ಹಕಾಟಾ ಕೊಲ್ಲಿಗೆ ಬಂದಿಳಿದಾಗ ಬೆರಳೆಣಿಕೆಯ ಸವಾರರೊಂದಿಗೆ ಮುನ್ನುಗ್ಗಿದವನು. ಕುದುರೆಗೆ ಬಾಣ ತಾಗಿ, ತಾನೂ ಗಾಯಗೊಂಡು ಬದುಕಿ ಬಂದ. ಆದರೆ ಅವನ ಹೆಸರು ಕಾಮಾಕುರಾಕ್ಕೆ ಹೋದ ವರದಿಯಲ್ಲಿ ಸೇರಲಿಲ್ಲ, ಬಹುಮಾನವೂ ಬರಲಿಲ್ಲ. 1275ರಲ್ಲಿ ಅವನು ಬಂಧುಗಳ ವಿರೋಧವನ್ನೂ ಲೆಕ್ಕಿಸದೆ, ದಾರಿ ಖರ್ಚಿಗೆ ಕುದುರೆ ಮತ್ತು ಜೀನನ್ನು ಮಾರಿ, ದೇಶದ ಆ ತುದಿಯಿಂದ ಕಾಮಾಕುರಾಕ್ಕೆ ಬಂದ. ತಿಂಗಳುಗಟ್ಟಲೆ ಯಾರೂ ಅವನ ಮಾತು ಕೇಳಲಿಲ್ಲ. ಕೊನೆಗೆ ಬಹುಮಾನಗಳ ಉಸ್ತುವಾರಿ ಹೊತ್ತಿದ್ದ ಅದಾಚಿ ಯಸುಮೊರಿಯ ಮುಂದೆ ನಿಲ್ಲುವ ಅವಕಾಶ ಸಿಕ್ಕಿತು. ಶತ್ರುವಿನ ತಲೆ ತಂದೆಯಾ, ನಿನ್ನ ಕಡೆ ಯಾರಾದರೂ ಸತ್ತರೇ ಎಂದು ಯಸುಮೊರಿ ಕೇಳಿದ. ಎರಡೂ ಇರಲಿಲ್ಲ. ತಾನು ಕೇಳುತ್ತಿರುವುದು ಬಹುಮಾನವನ್ನಲ್ಲ, ಎಲ್ಲರಿಗಿಂತ ಮುಂಚೆ ನುಗ್ಗಿದ್ದಕ್ಕೆ ಮನ್ನಣೆಯನ್ನು. ಹೇಳಿದ್ದು ಸುಳ್ಳಾದರೆ ತನ್ನ ತಲೆ ತೆಗೆಯಿರಿ ಎಂದು ಸುಎನಾಗಾ ಹಟ ಹಿಡಿದ. ಅವನಿಗೆ ತನ್ನ ಪ್ರಾಂತದಲ್ಲಿಯೇ ಒಂದು ಜಿಟೊ ಹುದ್ದೆಯೂ ಒಂದು ಕುದುರೆಯೂ ಸಿಕ್ಕವು. ಈ ಇಡೀ ಪ್ರಸಂಗವನ್ನು ಅವನು ಚಿತ್ರದ ಸುರುಳಿಗಳಾಗಿ ಬರೆಯಿಸಿಟ್ಟ, ಅವು ಇಂದಿಗೂ ಉಳಿದಿವೆ.

ಸುಎನಾಗಾ ಬೇಡುವವನಲ್ಲ, ವಾದಿಸುವವನು. ಜಪಾನಿನ ಯೋಧನೆಂದರೆ ತುಟಿ ಬಿಚ್ಚದೆ ಪ್ರಾಣ ಕೊಡುವವನು ಎಂಬ ಸಿನಿಮಾ ಕಲ್ಪನೆಗೆ ಅವನು ಹೊಂದುವುದಿಲ್ಲ. ಆ ಕಲ್ಪನೆಯ ದೊಡ್ಡ ಭಾಗ ಯುದ್ಧಗಳೆಲ್ಲ ನಿಂತ ಮೇಲಿನ ಶತಮಾನಗಳಲ್ಲಿ ಮತ್ತು 1900ರ ಆಸುಪಾಸಿನಲ್ಲಿ ರೂಪುಗೊಂಡದ್ದು. ಆದರೂ ಅವನ ದಾರಿಗೂ ಲುಸಿನ್ಯಾಂದವರ ದಾರಿಗೂ ವ್ಯತ್ಯಾಸವಿದೆ. ಕಾಮಾಕುರಾದಲ್ಲಿ ನ್ಯಾಯಾಲಯವಿತ್ತು, ಚೆನ್ನಾಗಿಯೇ ಇತ್ತು. 1232ರಲ್ಲಿ, ಶೋಗನ್ನನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ಹೊಜೊ ಯಸುಟೊಕಿ ಹೊರಡಿಸಿದ 51 ಕಲಮುಗಳ ಸಂಹಿತೆಯ ಪ್ರಕಾರ ಆಳು ಆಳಿನ ಮೇಲೆ, ಹಿಡುವಳಿಯ ಒಡೆಯ ಜಿಟೊನ ಮೇಲೆ ದಾವೆ ಹೂಡಬಹುದಿತ್ತು. 20 ವರ್ಷ ಅನುಭೋಗದಲ್ಲಿದ್ದ ಭೂಮಿಯನ್ನು ಕಿತ್ತುಕೊಳ್ಳಬಾರದು ಎಂಬ ನಿಯಮವೂ ಅದರಲ್ಲಿತ್ತು. ಆದರೆ ಒಡೆಯನಾದ ಕಾಮಾಕುರಾ ಸರ್ಕಾರವೇ ಋಣ ತೀರಿಸದಿದ್ದರೆ ಅದನ್ನು ತೂಗಿ ನೋಡಲು ಅದರ ಮೇಲೆ ಮತ್ತೊಂದು ಕಟ್ಟೆ ಇರಲಿಲ್ಲ. ಅನುಗ್ರಹ ಸಾಲದು ಎಂದು ಯಾರ ಮೇಲೆ ದಾವೆ ಹೂಡುವುದು?

1281ರಲ್ಲಿ ಮಂಗೋಲರು ಎರಡನೇ ಬಾರಿ ಬಂದು ಸೋತರು. ಗೆದ್ದ ಯುದ್ಧವೇನೋ ಸರಿ, ಆದರೆ ಹೊರಗಿನ ಶತ್ರುವಿನಿಂದ ಒಂದು ಗುಂಟೆಯೂ ಸಿಗದಿದ್ದಾಗ ಹಂಚಲು ಏನಿದೆ? ಸಾಲದಲ್ಲಿ ಮುಳುಗಿದ ಗೊಕೆನಿನ್‌ಗಳು ಮಾರಿದ, ಒತ್ತೆಯಿಟ್ಟ ಭೂಮಿಯನ್ನು ಮರಳಿಸಲು 1297ರಲ್ಲಿ ಸರ್ಕಾರ ಆಜ್ಞೆಯೊಂದನ್ನು ಹೊರಡಿಸಿತು. ಅದರಿಂದ ಸಾಲ ಕೊಡುವವರೇ ಹಿಂದೆಗೆದು ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು. 1333ರಲ್ಲಿ ದಂಗೆ ಅಡಗಿಸಲು ಕಾಮಾಕುರಾ ಕಳುಹಿಸಿದ ಸೇನಾಪತಿ ಅಷಿಕಾಗಾ ಟಕಾಉಜಿಯೇ ದಾರಿಯಲ್ಲಿ ಪಕ್ಷ ಬದಲಿಸಿದ, ಆ ಸರ್ಕಾರ ಬಿದ್ದುಹೋಯಿತು. ದೂರು ಹೊತ್ತೊಯ್ಯಲು ಮೇಲೊಂದು ಮೆಟ್ಟಿಲಿಲ್ಲದ ಕಡೆ ಅಸಮಾಧಾನ ಹೀಗೆ ಒಮ್ಮೆಲೇ ಮಗ್ಗುಲು ಬದಲಿಸುತ್ತದೆ. 1600ರ ಸೆಕಿಗಹಾರಾ ಕಾಳಗದ ನಡುವಿನಲ್ಲಿ ಕೊಬಯಾಕಾವಾ ಹಿದೆಯಾಕಿ ತನ್ನ ಪಕ್ಷದವರ ಮೇಲೆಯೇ ಇಳಿದುಬಂದದ್ದು ಇದರ ಅತಿ ಪ್ರಸಿದ್ಧ ಉದಾಹರಣೆ.

ಕೆಸರಿನಲ್ಲಿ ನಿಂತವರು

ಉತ್ತರ ಯೂರೋಪಿನ ಹೊಲಗಳನ್ನು ಉಳಲು ಹಲವು ಎತ್ತುಗಳ ಭಾರದ ನೇಗಿಲು ಬೇಕಿತ್ತು. ಹಲವೆಡೆ ಒಡೆಯ ತನ್ನ ಸ್ವಂತ ಸಾಗುವಳಿಯನ್ನು ದೊಡ್ಡದಾಗಿ ಇಟ್ಟುಕೊಂಡು, ‘ಸರ್ಫ್’ ಎಂಬ ಜೀತದ ರೈತರಿಂದ ವಾರದಲ್ಲಿ ಎರಡು ಮೂರು ದಿನ ಬಿಟ್ಟಿ ದುಡಿಸಿಕೊಳ್ಳುತ್ತಿದ್ದ. ಸರ್ಫ್ ಒಡೆಯನ ಗಿರಣಿಯಲ್ಲಿಯೇ ಕಾಳು ಬೀಸಿಸಬೇಕು, ಮಗಳ ಮದುವೆಗೆ ದಂಡ ತೆರಬೇಕು, ಅವನು ಸತ್ತಾಗ ಕೊಟ್ಟಿಗೆಯ ಒಳ್ಳೆಯ ಜಾನುವಾರು ಒಡೆಯನಿಗೆ ಹೋಗಬೇಕು. ಜಪಾನಿನ ನೀರಾವರಿ ಗದ್ದೆಗೆ ಇಂಥ ದೊಡ್ಡ ಸಾಗುವಳಿ ಒಗ್ಗುವುದಿಲ್ಲ. ಸಸಿ ಮಡಿ, ನಾಟಿ, ನೀರು ಕಟ್ಟುವುದು ಎಲ್ಲವೂ ಒಂದು ಮನೆಯವರು ದಿನವೂ ಕಣ್ಣಿಟ್ಟು ಮಾಡುವ ಕೆಲಸ. ಕಾಲುವೆಯ ನೀರು ಹಂಚಲು ಊರೇ ಒಟ್ಟಾಗಬೇಕು. ಹಾಗಾಗಿ ಒಡೆಯ ಗದ್ದೆಯನ್ನು ಅವರಿಗೇ ಬಿಟ್ಟು ಅಕ್ಕಿಯ ಪಾಲನ್ನು ಕೇಳಿದ. ಮುಂದೆ ಹಳ್ಳಿಗಳೇ ಒಟ್ಟಾಗಿ ಕಂದಾಯದ ಹೊಣೆ ಹೊತ್ತು ಒಳಗಿನ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ರೂಢಿ ಬೆಳೆಯಿತು.

ಇದರಿಂದ ಜಪಾನಿನ ರೈತ ಸುಖಿಯಾಗಿದ್ದನೆಂದು ತಿಳಿಯಬಾರದು. ಸುಎನಾಗಾ ಕಾಮಾಕುರಾದಲ್ಲಿ ಮನ್ನಣೆಗಾಗಿ ಕಾದಿದ್ದ ಅದೇ 1275ರಲ್ಲಿ, ಕಿಯಿ ಪ್ರಾಂತದ ಅತೆಗಾವಾ ಹಿಡುವಳಿಯ ರೈತರು ತಮ್ಮ ಜಿಟೊನ ಮೇಲೆ ಹಿಡುವಳಿಯ ಒಡೆಯರಿಗೆ 13 ಕಲಮುಗಳ ದೂರು ಬರೆದರು. ಓದು ಬರಹ ಅಷ್ಟಾಗಿ ಬಾರದವರು ಬಳಸುತ್ತಿದ್ದ ಸರಳ ಕತಕಾನಾ ಲಿಪಿಯಲ್ಲಿದೆ ಅದು. ಒಡೆಯರಿಗೆ ಕೊಡಬೇಕಾದ ಮರವನ್ನು ಸಾಗಿಸಲು ಹೊರಟರೆ ಜಿಟೊ ತಮ್ಮನ್ನು ಹಿಂದಕ್ಕೆ ಅಟ್ಟುತ್ತಾನೆ. ಊರು ಬಿಟ್ಟು ಓಡಿಹೋದವರ ಹೊಲದಲ್ಲಿ ಗೋಧಿ ಬಿತ್ತದಿದ್ದರೆ ಹೆಂಡಿರು ಮಕ್ಕಳನ್ನು ಹಿಡಿದಿಟ್ಟು ಕಿವಿ ಕತ್ತರಿಸುತ್ತೇನೆ, ಮೂಗು ಕೊಯ್ಯುತ್ತೇನೆ, ತಲೆಗೂದಲು ಕತ್ತರಿಸಿ ಸನ್ಯಾಸಿನಿಯರನ್ನಾಗಿಸುತ್ತೇನೆ ಎಂದು ಬೆದರಿಸುತ್ತಾನೆ ಎಂದು ಅದರಲ್ಲಿದೆ. ಪದರ ಪದರವಾದ ಹಕ್ಕುಗಳ ನಡುವೆ ಎರಡು ಕಡೆಯಿಂದ ಎಳೆಸಿಕೊಳ್ಳುವ ರೈತನ ಪಾಡು ಇದಕ್ಕಿಂತ ಸ್ಪಷ್ಟವಾಗಿ ಕಾಣುವ ದಾಖಲೆ ಅಪರೂಪ. ಆದರೂ ದೂರು ಕೊಡಲು ಆ ರೈತರಿಗೊಂದು ಬಾಗಿಲಿತ್ತು, ಏಕೆಂದರೆ ಜಿಟೊ ಅವರ ಏಕೈಕ ಒಡೆಯನಾಗಿರಲಿಲ್ಲ.

ಮಗಳು ಮತ್ತು ಮನೆ ಅಳಿಯ

ಉಂಬಳಿ ಹೆಣ್ಣುಮಗಳಿಗೆ ಬಂದರೆ ಯೂರೋಪಿನಲ್ಲಿ ಅವಳ ಮದುವೆ ಯಾರೊಡನೆ ಎಂದು ಗೊತ್ತುಮಾಡುವುದರಲ್ಲಿ ಒಡೆಯ ಕೈಹಾಕುತ್ತಿದ್ದ, ಏಕೆಂದರೆ ಕುದುರೆಯೇರಿ ಬರುವವನು ಅವಳ ಗಂಡ. ಕಾಮಾಕುರಾದ ಕಾಲದಲ್ಲಿ ಹೆಣ್ಣುಮಕ್ಕಳು ಪಾಲು ಪಡೆದು ತಾವೇ ಜಿಟೊಗಳಾದದ್ದುಂಟು. ಮಕ್ಕಳಿಗೆಲ್ಲ ಹಂಚುತ್ತ ಹೋಗಿ ಪಾಲುಗಳು ಚಿಕ್ಕದಾದಾಗ, ಒಬ್ಬ ಮಗನಿಗೇ ಎಲ್ಲವನ್ನೂ ಬಿಡುವ ರೂಢಿ ಬಂದು ಅವರ ಹಕ್ಕು ಕುಗ್ಗಿತು. ಗಂಡುಮಕ್ಕಳಿಲ್ಲದ ಜಪಾನಿ ಮನೆತನಕ್ಕೆ ಇನ್ನೊಂದು ದಾರಿಯೂ ಇತ್ತು. ಅಳಿಯನನ್ನೋ ಪರರ ಮಗನನ್ನೋ ದತ್ತು ತೆಗೆದುಕೊಂಡು ಅವನಿಗೆ ಮನೆಯ ಹೆಸರನ್ನೇ ಕೊಡುತ್ತಿದ್ದರು. ಯೂರೋಪಿನ ಉಂಬಳಿಯ ಹಕ್ಕು ರಕ್ತ ಸಂಬಂಧವನ್ನು ಬಿಟ್ಟು ಹೀಗೆ ದತ್ತುಮಗನಿಗೆ ಇಳಿಯುತ್ತಿರಲಿಲ್ಲ. ವಾರಸುದಾರರಿಲ್ಲದಿದ್ದರೆ ಭೂಮಿ ಒಡೆಯನಿಗೆ ಮರಳುತ್ತಿತ್ತು.

ಕುಂಡದಲ್ಲಿಟ್ಟ ಗಿಡಗಳು

ಯೂರೋಪಿನಲ್ಲಿ ಉಂಬಳಿ ನಿಧಾನವಾಗಿ ಆಸ್ತಿಯಾಯಿತು. ಸೇವೆಯ ಬದಲು ಹಣ ತೆತ್ತರೆ ಸಾಕು ಎಂದಾಯಿತು, ಅರಸ ಆ ಹಣದಿಂದ ಕೂಲಿ ಸೈನಿಕರನ್ನು ಕಟ್ಟಿದ. ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ರಾಷ್ಟ್ರೀಯ ಸಭೆ ಊಳಿಗಮಾನ್ಯ ವ್ಯವಸ್ಥೆಯನ್ನು ತೆಗೆದುಹಾಕಲು ನಿರ್ಧರಿಸಿದಾಗ ನೈಟ್‌ನ ಯುದ್ಧಸೇವೆ ಎಂಬುದು ಎಂದೋ ಮರೆತುಹೋಗಿತ್ತು. ಉಳಿದಿದ್ದದ್ದು ರೈತನ ಮೇಲಿನ ಸುಂಕ ಮತ್ತು ಕಾಣಿಕೆಗಳು.

ಜಪಾನಿನಲ್ಲಿ ಆದದ್ದು ಇದರ ತಿರುಗುಮುರುಗು. 1467ರ ಓನಿನ್ ಯುದ್ಧದಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಒಳಜಗಳಗಳಲ್ಲಿ ಹಳೆಯ ಪದರದ ಹಕ್ಕುಗಳೆಲ್ಲ ಹರಿದುಹೋಗಿ, ‘ದೈಮ್ಯೊ’ ಎಂಬ ಪ್ರಾಂತೀಯ ಪ್ರಭುಗಳು ಉಳಿದರು. ಅವರನ್ನು ಬಗ್ಗಿಸಿದ ಟೊಯೊಟೊಮಿ ಹಿದೆಯೊಷಿ ಹೊಲಗದ್ದೆಗಳನ್ನೆಲ್ಲ ಅಳೆಸಿ, 1588ರಲ್ಲಿ ರೈತರ ಕತ್ತಿಗಳನ್ನು ಕಿತ್ತುಕೊಂಡ. 1603ರಲ್ಲಿ ಶೋಗನ್ ಆದ ಟೊಕುಗಾವಾ ಇಯೆಯಾಸು ಮತ್ತು ಅವನ ವಂಶದವರ ಕಾಲದಲ್ಲಿ ಭೂಮಿಯ ಬೆಲೆಯನ್ನು ‘ಕೊಕು’ ಎಂಬ ಅಕ್ಕಿಯ ಅಳತೆಯಲ್ಲಿ ಎಣಿಸಿದರು. ಒಂದು ಕೊಕು ಎಂದರೆ ಸುಮಾರು 180 ಲೀಟರ್, ಒಬ್ಬ ಮನುಷ್ಯನ ವರ್ಷದ ಅನ್ನ. 10,000 ಕೊಕು ಅಥವಾ ಅದಕ್ಕಿಂತ ಹೆಚ್ಚು ಇದ್ದವನು ದೈಮ್ಯೊ. ಅಂಥವರು ಸುಮಾರು 260 ಮಂದಿ. 1635ರ ನಿಯಮದಂತೆ ಅವರು ವರ್ಷ ಬಿಟ್ಟು ವರ್ಷ ಶೋಗನ್ನನ ರಾಜಧಾನಿ ಎಡೊದಲ್ಲಿ (ಇಂದಿನ ಟೋಕಿಯೊ) ಇರಬೇಕು, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟಿರಬೇಕು. ಶೋಗನ್ ಮನಸ್ಸು ಮಾಡಿದರೆ ದೈಮ್ಯೊನನ್ನು ಒಂದು ಪ್ರಾಂತದಿಂದ ಕಿತ್ತು ಇನ್ನೊಂದರಲ್ಲಿ ನೆಡಬಹುದಿತ್ತು. ಕುಂಡದಲ್ಲಿಟ್ಟ ಗಿಡಗಳು ಎಂದು ಅವರನ್ನು ಕರೆಯುವುದುಂಟು.

ಗಿಡ ಕುಂಡದಲ್ಲಿದ್ದ ಮೇಲೆ ಎಲೆಗಳ ಪಾಡೇನು? ಬಹುಪಾಲು ಸಮುರಾಯ್‌ಗಳು ಊರಿನ ಗದ್ದೆಗಳನ್ನು ಬಿಟ್ಟು ಕೋಟೆಪೇಟೆಗಳಿಗೆ ಬಂದು, ಪ್ರಭುವಿನ ಉಗ್ರಾಣದಿಂದ ಅಳೆದುಕೊಡುವ ಅಕ್ಕಿಯ ಮೇಲೆ ಬದುಕತೊಡಗಿದರು. ಎರಡೂವರೆ ಶತಮಾನ ಯುದ್ಧವಿಲ್ಲದೆ ಕಳೆದಾಗ ಅವರ ಕೈಗೆ ಕತ್ತಿಗಿಂತ ಹೆಚ್ಚಾಗಿ ಬಂದದ್ದು ಕಡತ ಮತ್ತು ಕುಂಚ. ನೆಲ ಅವರ ಹೆಸರಿನಲ್ಲಿರಲಿಲ್ಲ. 1868ರಲ್ಲಿ ಶೋಗನ್ನರ ಆಳ್ವಿಕೆ ಮುಗಿದು ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಮೇಜಿ ಸರ್ಕಾರ 1871ರಲ್ಲಿ ಪ್ರಭುಗಳ ಪ್ರಾಂತಗಳನ್ನು ರದ್ದುಮಾಡಿ, 1876ರಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿ, ಅದೇ ವರ್ಷ ಅಕ್ಕಿಯ ವೇತನಗಳನ್ನು ಸರ್ಕಾರಿ ಸಾಲಪತ್ರಗಳಾಗಿ ಬದಲಿಸಿದಾಗ, ಫ್ರಾನ್ಸಿನ ಜಮೀನುದಾರನಂತೆ ಹಿಡಿದು ನಿಲ್ಲಲು ಅವರಿಗೊಂದು ಹೊಲವೂ ಇರಲಿಲ್ಲ, ಇದು ಮಾತಿಗೆ ತಪ್ಪಿದಂತಾಯಿತು ಎಂದು ತೋರಿಸಲು ಒಂದು ಒಪ್ಪಂದವೂ ಇರಲಿಲ್ಲ. 1877ರಲ್ಲಿ ನೈಋತ್ಯದ ಸತ್ಸುಮಾ ಪ್ರಾಂತದ ಸಾವಿರಾರು ಸಮುರಾಯ್‌ಗಳು ತಮ್ಮ ನಾಯಕ ಸಾಯಿಗೊ ಟಕಾಮೊರಿಯ ಹಿಂದೆ, ಸರ್ಕಾರವನ್ನು ಕೆಲವು ಪ್ರಶ್ನೆಗಳನ್ನು ಕೇಳಬೇಕಾಗಿದೆ ಎಂದು ಹೇಳಿ, ಟೋಕಿಯೊ ಕಡೆಗೆ ಹೊರಟರು. ಅವರನ್ನು ತಡೆದು ಸೋಲಿಸಿದ ಸೇನೆಯಲ್ಲಿ ಕಡ್ಡಾಯ ಭರ್ತಿಯಾಗಿ ಬಂದೂಕು ಹಿಡಿದಿದ್ದವರು ಬಹುಪಾಲು ರೈತರ ಮಕ್ಕಳು.